ಹಾಸನದ ಗಾಳಿಗೆ 10×4.5 ಸಾಲ್ತಿಲ್ಲ, ಯಾವ ಪ್ರೊಪೆಲ್ಲರ್ ಹಾಕ್ಲಿ?

ಹಾಸನ_ಫೋಮ್‌ಬೋರ್ಡ್:

ನಮಸ್ಕಾರ. ಹಾಸನದಲ್ಲಿ ಮೊಬೈಲ್ ರಿಪೇರಿ ಅಂಗಡಿ ನಂದು. ರಿಮೋಟ್ ಮಾಡೆಲ್ ವಿಮಾನ ಹಾರಿಸೋದು ಲಾಕ್‌ಡೌನ್ ಟೈಮಲ್ಲಿ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ. ಈಗ ಹಾರಿಸ್ತಿರೋದು ಫೋಮ್‌ಬೋರ್ಡ್ ಕತ್ತರಿಸಿ ಕೈಯಾರೆ ಮಾಡಿದ ಹೈ-ವಿಂಗ್ ಟ್ರೈನರ್ (ರೆಕ್ಕೆ ಮೇಲಿರೋ, ಕಲಿಯೋರ ವಿಮಾನ). ರೆಕ್ಕೆ 1.2 ಮೀಟರ್, ಬ್ಯಾಟರಿ ಸೇರಿ ತೂಕ 900 ಗ್ರಾಂ. ಮೋಟರ್ 2212, 1000 ಕೆವಿ (ಹೊರೆ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು). ಇಎಸ್‌ಸಿ (ಮೋಟರ್ ವೇಗ ಹಿಡಿತದಲ್ಲಿಡೋ ಸರ್ಕ್ಯೂಟ್) 30 ಆಂಪ್, ಬ್ಯಾಟರಿ 3 ಸೆಲ್ 2200 ಲೈಪೋ. ಪ್ರೊಪೆಲ್ಲರ್ ಮೋಟರ್ ಜೊತೆ ಬಂದಿದ್ದೇ, 10×4.5 ಸ್ಲೋ ಫ್ಲೈ.

ಬೆಳಗ್ಗೆ ಏಳು ಗಂಟೆಗೆ ಹೋದ್ರೆ ಏನೂ ತಕರಾರಿಲ್ಲ. ಹತ್ತು ಗಂಟೆ ಮೇಲೆ ಗಾಳಿ ಎದ್ದಾಗ ಶುರು ತಲೆನೋವು. ಎದುರುಗಾಳಿಗೆ ಫುಲ್ ಥ್ರಾಟಲ್ ಕೊಟ್ರೂ ಕೆರೆ ಏರಿ ಮೇಲೆ ನಿಂತಲ್ಲೇ ನಿಂತಿರುತ್ತೆ. ಮೂತಿ ತಗ್ಗಿಸಿದ್ರೆ ಒಂಚೂರು ಮುಂದೆ ಬರುತ್ತೆ, ಎತ್ತಿದ್ರೆ ಹಿಂದಕ್ಕೆ. ಆಷಾಢದಲ್ಲಂತೂ ಅಟ್ಟದಿಂದ ಇಳಿಸೋ ಹಾಗೇ ಇಲ್ಲ.

ನನಗೆ ಅರ್ಥ ಆಗದೇ ಇರೋದು ಏನಂದ್ರೆ, ಎಳೆತಕ್ಕೆ ಕೊರತೆ ಇಲ್ಲ. ಲಗೇಜ್ ತೂಗೋ ಸ್ಕೇಲ್‌ಗೆ ಬಾಲದ ಕಡೆಯಿಂದ ದಾರ ಕಟ್ಟಿ ನೋಡಿದೆ, 800 ಗ್ರಾಂ ತೋರಿಸ್ತು. 900 ಗ್ರಾಂ ವಿಮಾನಕ್ಕೆ 800 ಗ್ರಾಂ ಎಳೆತ ಅಂದ್ರೆ ಧಾರಾಳ ಅಲ್ವಾ?

ಬೆಂಗಳೂರಿನ ಸ್ನೇಹಿತ 11×7 ಹಾಕು ಅಂತಾನೆ. ಇನ್ನೊಬ್ಬ 1400 ಕೆವಿ ಮೋಟರ್ ತಗೋ ಅಂತಾನೆ. ಪಾರ್ಟ್ಸ್ ಮಾರೋರು ಮೂರು ಬ್ಲೇಡಿಂದು ಹಾಕಿ ಅಂದ್ರು. ಪ್ರೊಪೆಲ್ಲರ್‌ಗೆ ಹೋಗೋ ದುಡ್ಡು ಅಷ್ಟೇನಿಲ್ಲ, ಮೋಟರ್ ಸುಟ್ಟುಹೋದ್ರೆ ಕಷ್ಟ. ಗೊತ್ತಿರೋರು ದಯವಿಟ್ಟು ಹೇಳಿ.

ಬೇಲೂರು_ಬಾಲ್ಸಾ:

ಪ್ರೊಪೆಲ್ಲರ್ ತಂಟೆಗೇ ಹೋಗ್ಬೇಡಿ ಬ್ರೋ. 4 ಸೆಲ್ ಬ್ಯಾಟರಿ ಹಾಕಿ, ರಾಕೆಟ್ ಆಗುತ್ತೆ.

ಕಾಫಿನಾಡು_ವೈಂಡಿಂಗ್:

ಬೇಲೂರಿನವರು ಬೇಜಾರು ಮಾಡ್ಕೋಬೇಡಿ ಮಾರಾಯ್ರೆ, ಆದ್ರೆ ಆ ಸಲಹೆ ಕೇಳಿದ್ರೆ ನನ್ನಂಥೋರ ವ್ಯಾಪಾರ ಚೆನ್ನಾಗಿ ನಡೆಯುತ್ತೆ ಅಷ್ಟೇ. ಅದೇ ಪ್ರೊಪೆಲ್ಲರ್ ಇಟ್ಕೊಂಡು 3 ಸೆಲ್‌ನಿಂದ 4 ಸೆಲ್‌ಗೆ ಹೋದ್ರೆ ಮೋಟರ್ ಮೇಲಿನ ಹೊರೆ ಎರಡು ಪಟ್ಟು ದಾಟುತ್ತೆ. ಯಾಕಂತ ಕೆಳಗೆ ಹೇಳ್ತೀನಿ.

ನಾನು ಚಿಕ್ಕಮಗಳೂರಲ್ಲಿ ಪಂಪ್‌ಸೆಟ್ ಮೋಟರ್ ಸುತ್ತೋ ಕೆಲಸದವನು. ಹೊಟ್ಟೆಪಾಡು ಅದು, ವಿಮಾನ ಭಾನುವಾರದ್ದು. ಎರಡರಲ್ಲೂ ನನಗೆ ಕಾಣಿಸೋ ಸಂಗತಿ ಒಂದೇ: ಕರೆಂಟ್ ಮೋಟರ್‌ಗೆ "ಆಗಲ್ಲ" ಅನ್ನೋದು ಗೊತ್ತಿಲ್ಲ. ಪೆಟ್ರೋಲ್ ಎಂಜಿನ್‌ಗೆ ಹೊರೆ ಜಾಸ್ತಿ ಆದ್ರೆ ಮುಕ್ಕರಿಸಿ ನಿಂತುಬಿಡುತ್ತೆ. ಕರೆಂಟ್ ಮೋಟರ್ ನಿಲ್ಲಲ್ಲ. ತನ್ನ ಆರ್‌ಪಿಎಂ ಉಳಿಸಿಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಆಂಪ್ ಎಳ್ಕೊಳ್ಳುತ್ತೆ, ತಂತಿ ಮೇಲಿನ ವಾರ್ನಿಶ್ ಕರಗೋವರೆಗೂ ಎಳ್ಕೊಳ್ಳುತ್ತೆ. ತೋಟದ ಮೋಟರ್‌ಗೆ ದೊಡ್ಡ ಇಂಪೆಲ್ಲರ್ ಕೂರಿಸಿ ಸುಟ್ಕೊಂಡು ನನ್ನ ಹತ್ರ ತರ್ತಾರಲ್ಲ, ಅದೇ ಕಥೆ ಇಲ್ಲೂ. ಹಾಗಾಗಿ ಎಷ್ಟು ಕರೆಂಟ್ ಹರೀಬೇಕು ಅಂತ ತೀರ್ಮಾನ ಮಾಡೋದು ಮೋಟರ್ ಅಲ್ಲ, ನೀವು ಮುಂದೆ ಸಿಕ್ಕಿಸೋ ಪ್ರೊಪೆಲ್ಲರ್.

ಈಗ ನಿಮ್ಮ 800 ಗ್ರಾಂ ಲೆಕ್ಕ. ಅದು ವಿಮಾನ ಅಲುಗಾಡದೆ ನಿಂತಿದ್ದಾಗಿನ ಎಳೆತ. ವಿಮಾನ ಮುಂದಕ್ಕೆ ಓಡಿದ ಹಾಗೆಲ್ಲ ಆ ಎಳೆತ ಕರಗ್ತಾ ಹೋಗುತ್ತೆ. 10×4.5ರಲ್ಲಿ 10 ಅಂದ್ರೆ ಸುತ್ತೋ ವೃತ್ತದ ವ್ಯಾಸ, ಇಂಚಿನಲ್ಲಿ. 4.5 ಅಂದ್ರೆ ಪಿಚ್: ಗಾಳಿ ಜಾರದೆ ಗಟ್ಟಿಯಾಗಿ ಕಚ್ಚಿಕೊಂಡಿದ್ರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬಹುದು ಅಂತ. ನಿಮ್ಮ ಮೋಟರ್ 3 ಸೆಲ್‌ನಲ್ಲಿ, ಈ ಹೊರೆಗೆ, ಅಂದಾಜು 7,500 ಆರ್‌ಪಿಎಂ ಸುತ್ತುತ್ತೆ ಅಂತ ಇಟ್ಕೊಳ್ಳಿ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ 656ರಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. 7,500 × 4.5 = 33,750. ಭಾಗಿಸಿದ್ರೆ 51.

ಈ 51 ನಿಮ್ಮ ಪ್ರೊಪೆಲ್ಲರ್‌ನ ಗಡಿ. ವಿಮಾನದ ವೇಗ ಅದರ ಹತ್ತಿರ ಬಂದಂತೆ ಬ್ಲೇಡ್‌ಗೆ ಹಿಂದಕ್ಕೆ ತಳ್ಳೋಕೆ ಗಾಳಿನೇ ಸಿಗಲ್ಲ, ಎಳೆತ ಸೊರಗಿಹೋಗುತ್ತೆ. ಫೋಮ್‌ಬೋರ್ಡ್ ಟ್ರೈನರ್ ಅಂದ್ರೆ ಚಕ್ರ, ಚೌಕಾಕಾರದ ಮೂತಿ, ರಬ್ಬರ್ ಬ್ಯಾಂಡ್ ಎಲ್ಲ ಗಾಳಿಗೆ ಅಡ್ಡ. ಸಮಮಟ್ಟದಲ್ಲಿ 40 ಮುಟ್ಟಿದ್ರೆ ಹೆಚ್ಚು. ಎದುರಿಗೆ 30 ಕಿಲೋಮೀಟರ್ ಗಾಳಿ ಬೀಸ್ತಿದ್ರೆ ನೆಲದ ಮೇಲೆ ನಿಂತು ನೋಡೋರಿಗೆ ವಿಮಾನ ಸೈಕಲ್ ವೇಗದಲ್ಲಿ ತೆವಳುತ್ತೆ. ಗಾಳಿ ಒಮ್ಮೆ ಜೋರಾದ್ರೆ ಅದೂ ಇಲ್ಲ. ನಿಮಗೆ ಬೇಕಾಗಿರೋದು ಹೆಚ್ಚು ಎಳೆತ ಅಲ್ಲ, ಹೆಚ್ಚು ಪಿಚ್. ಆದ್ರೆ ಪಿಚ್ ಏರಿಸಿದಾಗ ವ್ಯಾಸ ಇಳಿಸಲೇಬೇಕು, ಇಲ್ಲದಿದ್ರೆ ನನ್ನಂಥೋರ ಅಂಗಡಿಗೆ ಬರಬೇಕಾಗುತ್ತೆ.

ಎಷ್ಟು ಇಳಿಸಬೇಕು ಅಂತ ಹುಡುಕೋಕೆ ಪೆನ್ನು-ಪೇಪರ್ ಸಾಕು. ಅದೇ ಆರ್‌ಪಿಎಂನಲ್ಲಿ ಪ್ರೊಪೆಲ್ಲರ್ ತಿನ್ನೋ ಪವರ್ ಅಂದಾಜಿಗೆ ವ್ಯಾಸವನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ (10×10×10×10 ಅನ್ನೋ ಹಾಗೆ), ಅದಕ್ಕೆ ಪಿಚ್ ಗುಣಿಸಿದಷ್ಟು. 10×4.5ಕ್ಕೆ 45,000 ಬರುತ್ತೆ. ನಿಮ್ಮ ಸ್ನೇಹಿತರು ಹೇಳಿದ 11×7ಕ್ಕೆ 1,02,000 ದಾಟುತ್ತೆ! ಎರಡೂಕಾಲು ಪಟ್ಟು. ನೋಡೋಕೆ ಒಂದೇ ಒಂದು ಇಂಚು ಉದ್ದ, ಆದ್ರೆ ಆ ಪುಟ್ಟ 2212 ಎರಡು ನಿಮಿಷದಲ್ಲಿ ಕೈ ಇಡೋಕಾಗದಷ್ಟು ಕಾಯುತ್ತೆ. ಕಾದ ಮೋಟರ್‌ನ ಮ್ಯಾಗ್ನೆಟ್ ಒಮ್ಮೆ ಶಕ್ತಿ ಕಳ್ಕೊಂಡ್ರೆ ಮತ್ತೆ ಬರಲ್ಲ.

9×6ಕ್ಕೆ ಇದೇ ಲೆಕ್ಕ ಹಾಕಿ: 39,000 ಚಿಲ್ಲರೆ. ಈಗಿನದಕ್ಕಿಂತ ಕಮ್ಮಿ ಹೊರೆ, ಮೋಟರ್ ಇನ್ನೂ ಆರಾಮಾಗಿ ಸುತ್ತುತ್ತೆ, ಪಿಚ್ ಮಾತ್ರ 6. ನಿಮಗೆ ನಾನು ಹೇಳೋದು ಇದೇ. ಇಲೆಕ್ಟ್ರಿಕ್ ಅಂತ ಗುರುತಿರೋ, ಬುಡ ದಪ್ಪ ತುದಿ ತೆಳ್ಳಗಿರೋ 9×6.

ಕೆವಿ, ಸೆಲ್ ವಿಷಯ ಕೂಡ ಇದೇ ಲೆಕ್ಕದ ಇನ್ನೊಂದು ಮುಖ. ಆರ್‌ಪಿಎಂ ಏರಿದ್ರೆ ಹೊರೆ ಅದರ ಮೂರರ ಘಾತದಲ್ಲಿ ಏರುತ್ತೆ. ಆರ್‌ಪಿಎಂ ಕಾಲು ಭಾಗ ಜಾಸ್ತಿ ಆದ್ರೆ ಪವರ್ ಹತ್ತಿರಹತ್ತಿರ ದುಪ್ಪಟ್ಟು. 1400 ಕೆವಿ ಮೋಟರ್ ಕೆಟ್ಟದ್ದಲ್ಲ, ಆದ್ರೆ ಅದಕ್ಕೆ 10 ಇಂಚು ಕೂರಿಸೋ ಹಾಗಿಲ್ಲ. 8 ಇಂಚಿಗೆ ಇಳೀಬೇಕು. ಇರೋ ಮೋಟರ್ ಚೆನ್ನಾಗಿರುವಾಗ ಅದೆಲ್ಲ ಯಾಕೆ?

ಒಂದು ಎಚ್ಚರಿಕೆ. 9×6 ಹಾಕಿ ಮತ್ತೆ ಲಗೇಜ್ ಸ್ಕೇಲ್‌ಗೆ ಕಟ್ಟಿದ್ರೆ 800 ಬರಲ್ಲ, ಆರುನೂರು ಚಿಲ್ಲರೆ ಬರುತ್ತೆ. ಹೆದರಿಕೊಂಡು ವಾಪಸ್ ಬಿಚ್ಚಬೇಡಿ. ನಿಂತಲ್ಲಿ ಕಮ್ಮಿ, ಓಡುವಾಗ ಜಾಸ್ತಿ. ಹಾಗಂತ ಆಸೆಗೆ ಬಿದ್ದು 8×8 ಹಾಕೋಕೂ ಹೋಗ್ಬೇಡಿ. ಪಿಚ್ಚು ವ್ಯಾಸಕ್ಕೆ ಸಮ ಆದಾಗ ನಿಂತಿರೋ ಹೊತ್ತಲ್ಲಿ ಬ್ಲೇಡ್ ಗಾಳಿಯನ್ನ ಕಡೀತಾ ಕೂರುತ್ತೆ, ಎಳೆಯಲ್ಲ. ಕೈಯಿಂದ ಎಸೆದ್ರೆ ಮೂರು ಮಾರು ಹೋಗಿ ಆಲೂಗಡ್ಡೆ ಹೊಲಕ್ಕೆ ಬೀಳುತ್ತೆ. ರೇಸ್ ಆಡೋರ ಸಾಮಾನು ಅದು.

ಇನ್ನು ನಿಮ್ಮ ಸ್ಲೋ ಫ್ಲೈ ಬಗ್ಗೆ. ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈ ಪ್ರೊಪೆಲ್ಲರ್‌ಗಳಿಗೆ ಹಾಕಿರೋ ಮಿತಿ ಏನಂದ್ರೆ 65,000ವನ್ನು ವ್ಯಾಸದಿಂದ ಭಾಗಿಸಿದಷ್ಟು ಆರ್‌ಪಿಎಂ. 10 ಇಂಚಿಗೆ 6,500. ಅದೇ ಕಂಪನಿಯ ತೆಳು ಇಲೆಕ್ಟ್ರಿಕ್ ಮಾದರಿಗೆ 9 ಇಂಚಿನಲ್ಲಿ 16,000 ಮೇಲೆ. ಎಷ್ಟು ಅಂತರ ನೋಡಿ. ಮೋಟರ್ ಜೊತೆ ಪುಕ್ಕಟೆ ಬರೋ ಸ್ಲೋ ಫ್ಲೈಗಳ ಬುಡ ಹಿಡಿದು ತಿರುಚಿ ನೋಡಿ, ಬೆರಳಲ್ಲೇ ಬಾಗುತ್ತೆ. ಫುಲ್ ಥ್ರಾಟಲ್‌ನಲ್ಲಿ ಅದರ ತುದಿ ಮಟ್ಟಸವಾಗಿಬಿಡುತ್ತೆ, ಇರೋ 4.5 ಪಿಚ್ಚೂ ಪೂರ್ತಿ ಸಿಗಲ್ಲ. ನಿಮ್ಮದು ಫುಲ್ ಕೊಟ್ಟಾಗ ಪರಪರ ಅಂತ ಬಟ್ಟೆ ಹರಿದ ಸದ್ದು ಮಾಡ್ತಿದ್ರೆ ಅದೇ ಕಾರಣ.

ಇನ್ನೊಂದು ವಿಷಯ, ಪೆಟ್ಟಿಗೆ ಮೇಲಿನ ಕೋಷ್ಟಕದಲ್ಲಿ ಇರಲ್ಲ. ಹಾಸನ ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೆ ಚೂರು ಕಮ್ಮಿ, ನಮ್ಮ ಚಿಕ್ಕಮಗಳೂರು ಚೂರು ಜಾಸ್ತಿ. ಈ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಸುಮಾರು ಶೇ. 10 ತೆಳು. ಅಷ್ಟರಮಟ್ಟಿಗೆ ಎಳೆತ ಕಮ್ಮಿ, ಆಂಪ್ ಕೂಡ ಕಮ್ಮಿ. ಬ್ಯಾಟರಿಗೆ ಗಾಳಿ ಬೇಡ, ಹಾಗಾಗಿ ಮೋಟರ್‌ನ ತಾಕತ್ತು ಎಲ್ಲಿದ್ರೂ ಅಷ್ಟೇ ಇರುತ್ತೆ. ಇಲ್ಲಿ ನಾವು ಅರ್ಧ ಇಂಚು ಪಿಚ್ ಜಾಸ್ತಿ ಹಾಕಿದ್ರೂ ತಡ್ಕೊಳ್ಳುತ್ತೆ. ಆದ್ರೆ ಇಲ್ಲಿ ಆಂಪ್ ಮಿತಿಯ ಅಂಚಿಗೆ ತಂದಿಟ್ಟ ಸೆಟಪ್ ಅನ್ನು ಘಾಟಿ ಇಳಿಸಿ ಮಂಗಳೂರು ಕಡೆ ತಗೊಂಡು ಹೋಗ್ಬೇಡಿ. ಅಲ್ಲಿ ಅದೇ ಪ್ರೊಪೆಲ್ಲರ್ ಹೆಚ್ಚು ಆಂಪ್ ಎಳೆಯುತ್ತೆ, ಸೆಕೆ ಬೇರೆ. ತೆಳು ಗಾಳಿಯಲ್ಲಿ ವಿಮಾನ ಸ್ಟಾಲ್ ಆಗೋ (ರೆಕ್ಕೆ ಎತ್ತಿಹಿಡಿಯೋದು ಬಿಟ್ಟು ಕುಸಿಯೋ) ವೇಗವೂ ಐದು ಪರ್ಸೆಂಟ್ ಏರುತ್ತೆ. ಕರಾವಳಿಯಲ್ಲಿ ಹಾರಿಸಿ ಅಭ್ಯಾಸ ಇರೋರು ನಮ್ಮೂರಿಗೆ ಬಂದು "ಇದೇನು ಇಳಿಸುವಾಗ ಧೊಪ್ ಅಂತ ಕೂರುತ್ತಲ್ಲ" ಅಂತಾರೆ.

ಕೊನೆಗೆ, ವಾಟ್ ಮೀಟರ್ ಒಂದು ತಗೊಳ್ಳಿ. ಹೊಸ ಪ್ರೊಪೆಲ್ಲರ್‌ಗಿಂತ ಮೊದಲು ತಗೊಳ್ಳಿ. ಬ್ಯಾಟರಿ 12.6 ವೋಲ್ಟ್ ಪೂರ್ತಿ ಚಾರ್ಜ್ ಮಾಡಿ, ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಐದಾರು ಸೆಕೆಂಡ್ ಫುಲ್ ಕೊಟ್ಟು ಓದಿ. ಪ್ರೊಪೆಲ್ಲರ್ ಸುತ್ತೋ ಸಮತಲದಲ್ಲಿ, ಅಂದ್ರೆ ಪಕ್ಕದಲ್ಲಿ, ಯಾರೂ ನಿಲ್ಲಬಾರದು. ಬ್ಲೇಡ್ ಕಿತ್ತು ಹಾರಿದ್ರೆ ಹೋಗೋದು ಆ ಕಡೆಗೇ. 30 ಆಂಪ್ ಇಎಸ್‌ಸಿ ಅಂತ ಬರೆದಿದ್ರೂ ಮೋಟರ್‌ಗೆ 30 ಆಂಪ್ ಕೊಡಬಹುದು ಅಂತಲ್ಲ. ನಿಮ್ಮ 2212ನ್ನು 15 ಆಂಪ್ ಒಳಗೆ ಇಟ್ಕೊಂಡ್ರೆ ಬಹಳ ಕಾಲ ಬಾಳುತ್ತೆ. ಇಳಿಸಿದ ತಕ್ಷಣ ಮೋಟರ್ ಮುಟ್ಟಿ ನೋಡಿ: ಹತ್ತು ಸೆಕೆಂಡ್ ಬೆರಳು ಇಡೋಕಾದ್ರೆ ಸರಿ, ಕಿತ್ಕೊಳ್ಳೋ ಹಾಗಾದ್ರೆ ಪ್ರೊಪೆಲ್ಲರ್ ಜಾಸ್ತಿ ಆಯ್ತು.

ಸಕಲೇಶಪುರ_ಗ್ಲೋ:

ವೈಂಡಿಂಗ್ ಅಣ್ಣ ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಎತ್ತರದ ಲೆಕ್ಕ ಕರೆಂಟ್‌ನವರಿಗೆ ಮಾತ್ರ ಲಾಭ. ನಾನು ಇನ್ನೂ ಮೆಥನಾಲ್ ಸುಡೋ 46 (0.46 ಘನ ಇಂಚಿನ) ಗ್ಲೋ ಎಂಜಿನ್ ಬಿಟ್ಟಿಲ್ಲ (ಇಂಧನ ಹುಡುಕೋಷ್ಟರಲ್ಲಿ ಅರ್ಧ ಆಯಸ್ಸು ಹೋಗುತ್ತೆ, ಆ ಮಾತು ಬೇಡ). ಎಂಜಿನ್ ಕೂಡ ಅದೇ ತೆಳು ಗಾಳಿನೇ ಕುಡಿಯೋದು. ತಾಕತ್ತು ಶೇ. 10 ಇಳಿಯುತ್ತೆ, ಪ್ರೊಪೆಲ್ಲರ್ ಹೊರೆನೂ ಅಷ್ಟೇ ಇಳಿಯುತ್ತೆ. ಆರ್‌ಪಿಎಂ ಹೆಚ್ಚುಕಮ್ಮಿ ಕೆಳಗಿದ್ದಷ್ಟೇ ಇರುತ್ತೆ, ಎಳೆತ ಮಾತ್ರ ಕಮ್ಮಿ. ಟ್ರೈನರ್‌ಗೆ 11×5, ಸ್ವಲ್ಪ ವೇಗದ್ದಕ್ಕೆ 10×7, ಇಲ್ಲೂ ಅದೇ ಹಾಕೋದು. ಘಾಟಿ ಹತ್ತಿದ ಮೇಲೆ ಇಂಧನದ ನೀಡಲ್ ಅನ್ನು ಒಂದೆರಡು ಕ್ಲಿಕ್ ಒಳಗೆ ತಿರುಗಿಸಬೇಕು, ಗಾಳಿ ಕಮ್ಮಿಯಾಗಿ ಮಿಶ್ರಣ ರಿಚ್ (ಇಂಧನ ಜಾಸ್ತಿ) ಆಗಿರುತ್ತೆ.

ಇಲೆಕ್ಟ್ರಿಕ್ ಅಂತ ಬರೆದಿರೋ ತೆಳು ಪ್ರೊಪೆಲ್ಲರ್‌ನ ಗ್ಲೋ ಎಂಜಿನ್‌ಗೆ ಯಾರೂ ಹಾಕ್ಬೇಡಿ. ಎಂಜಿನ್‌ನ ಒಂದೊಂದು ಬಡಿತಕ್ಕೂ ಬುಡಕ್ಕೆ ಏಟು ಬೀಳುತ್ತೆ, ಅದು ತಡೆಯಲ್ಲ.

ಮಲೆನಾಡು_ಏರೋ:

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನದಲ್ಲೇ. ಮೂರು ಬ್ಲೇಡ್ ಬಗ್ಗೆ ಯಾರೂ ಹೇಳಿಲ್ಲ. ಎರಡು ಬ್ಲೇಡಿನ 9×6 ಇರೋ ಕಡೆ ಮೂರು ಬ್ಲೇಡ್ ಹಾಕಬೇಕು ಅಂದ್ರೆ ವ್ಯಾಸ ಒಂದು ಇಂಚು ಇಳಿಸಿ 8×6 ಹುಡುಕಬೇಕು. ಎಳೆತ ಹೆಚ್ಚಾಗುತ್ತೆ ಅನ್ನೋದು ಸುಳ್ಳು, ದಕ್ಷತೆ ಒಂಚೂರು ಕಮ್ಮಿನೇ ಆಗುತ್ತೆ. ನೆಲಕ್ಕೆ ತಾಗದಿರಲಿ ಅಂತಲೋ, ಹಳೇ ಯುದ್ಧವಿಮಾನದ ಮಾದರಿಗೆ ನೋಟ ಚೆನ್ನಾಗಿರಲಿ ಅಂತಲೋ ಹಾಕ್ತಾರೆ. ಬ್ಯಾಲೆನ್ಸ್ ಮಾಡೋದು ಎರಡರದ್ದಕ್ಕಿಂತ ತಲೆನೋವು.

ಇನ್ನೊಂದು, ಪ್ರೊಪೆಲ್ಲರ್ ವಿಷಯ ಅಲ್ಲ. ಹಾಸನದಲ್ಲಿ ಜಾಗ ಆರಿಸುವಾಗ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆ ತೆಗೆದು ಹಸಿರು ವಲಯ (ಮೊದಲೇ ಅನುಮತಿ ಬೇಡದ ಜಾಗ) ಹೌದಾ ನೋಡಿ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರೋ ಊರು ಇದು, ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಜಾಗವೂ ಇದೆ. 2021ರ ಡ್ರೋನ್ ನಿಯಮಗಳಲ್ಲಿ ನಮ್ಮಂಥ ಮಾಡೆಲ್‌ಗಳೂ ಸೇರುತ್ತೆ, ಕಣ್ಣಿಗೆ ಕಾಣೋ ದೂರದಲ್ಲೇ ಹಾರಿಸಬೇಕು.

ಹಾಸನ_ಫೋಮ್‌ಬೋರ್ಡ್:

ಎಲ್ಲರಿಗೂ ಥ್ಯಾಂಕ್ಸ್. ವಾಟ್ ಮೀಟರ್ ಬಂತು, 9×6 ಕೂಡ ಬಂತು. ಅಂಕಿ ಹಾಕ್ತಿದೀನಿ, ಮುಂದೆ ಯಾರಿಗಾದ್ರೂ ಉಪಯೋಗ ಆಗಬಹುದು.

ಆರ್‌ಪಿಎಂ ಅಳೆಯೋಕೆ ನನ್ನ ಹತ್ರ ಟ್ಯಾಕೋಮೀಟರ್ ಇಲ್ಲ. ಆದ್ರೆ ಅಂಗಡಿಯಲ್ಲಿ ಸ್ಪೀಕರ್ ಚೆಕ್ ಮಾಡೋಕೆ ಫೋನಲ್ಲಿ ಫ್ರೀಕ್ವೆನ್ಸಿ ತೋರಿಸೋ ಆ್ಯಪ್ ಇಟ್ಕೊಂಡಿದೀನಿ. ಪ್ರೊಪೆಲ್ಲರ್‌ಗೆ ಎರಡು ಬ್ಲೇಡ್, ಸುತ್ತಿಗೆ ಎರಡು ಸಲ ಸದ್ದು. ಆ್ಯಪ್ ತೋರಿಸೋ ಹರ್ಟ್ಜ್ ಅನ್ನು ಎರಡರಿಂದ ಭಾಗಿಸಿ 60ರಿಂದ ಗುಣಿಸಿದ್ರೆ ಆರ್‌ಪಿಎಂ ಸಿಕ್ತು. ಫೋನ್ ಅನ್ನು ಮುಂದೆ ಎರಡು ಅಡಿ ದೂರ ಇಟ್ರೆ ಗೆರೆ ಸ್ಪಷ್ಟ ಬರುತ್ತೆ, ಹಿಂದೆ ಇಟ್ರೆ ಮೈಕ್‌ಗೆ ಗಾಳಿ ಹೊಡೆದು ಗಜಿಬಿಜಿ.

ಹಳೇ 10×4.5: 250 ಹರ್ಟ್ಜ್, ಅಂದ್ರೆ 7,500. ಅಣ್ಣ ಹೇಳಿದ ಅಂದಾಜು ಸರಿಯಾಗಿದೆ! 14.2 ಆಂಪ್, 162 ವಾಟ್.

ಹೊಸ 9×6: 290 ಹರ್ಟ್ಜ್, 8,700. 12.6 ಆಂಪ್, 145 ವಾಟ್. ಸ್ಕೇಲ್‌ನಲ್ಲಿ 630 ಗ್ರಾಂ. ಪಿಚ್ ವೇಗ ಲೆಕ್ಕ ಹಾಕಿದ್ರೆ ಗಂಟೆಗೆ 79 ಕಿಲೋಮೀಟರ್ ಮೇಲೆ ಬರುತ್ತೆ.

ಭಾನುವಾರ ಹನ್ನೊಂದು ಗಂಟೆ ಗಾಳಿಯಲ್ಲೇ ಹಾರಿಸಿದೆ. ಎದುರುಗಾಳಿಗೆ ಮುಕ್ಕಾಲು ಥ್ರಾಟಲ್‌ನಲ್ಲಿ ವಾಪಸ್ ಬರುತ್ತೆ. ಸದ್ದೂ ಬದಲಾಯ್ತು, ಆ ಪರಪರ ಇಲ್ಲ. ಎರಡು ತಕರಾರು ಉಳಿದಿದೆ. ಒಂದು, ಕೈಯಿಂದ ಎಸೆದಾಗ ಮೊದಲ ಕ್ಷಣ ಸೋಮಾರಿ ತರ ಕುಸಿಯುತ್ತೆ. ಇನ್ನೊಂದು, ಅರ್ಧ ಥ್ರಾಟಲ್‌ನಲ್ಲಿ ಇಡೀ ಮೂತಿ ಗುಂಯ್ ಅಂತ ನಡುಗುತ್ತೆ, ಫುಲ್‌ನಲ್ಲಿ ಇಲ್ಲ.

ಕಾಫಿನಾಡು_ವೈಂಡಿಂಗ್:

ಫೋನ್ ಉಪಾಯ ಚೆನ್ನಾಗಿದೆ, ನಾನೂ ಕದ್ದೆ. ಮೂರು ಬ್ಲೇಡ್ ಇರೋರು ಮೂರರಿಂದ ಭಾಗಿಸಿ.

ಕುಸಿಯೋದು ಸಹಜ, ನಿಂತಲ್ಲಿ ಎಳೆತ 170 ಗ್ರಾಂ ಬಿಟ್ಟುಕೊಟ್ಟಿದೀರಲ್ಲ. ಗಾಳಿಗೆ ಎದುರಾಗಿ, ಮೂತಿ ಮೇಲೆತ್ತದೆ ಸಮವಾಗಿ, ಜೋರಾಗಿ ಎಸೀರಿ. ಎಸೆದ ಮೇಲೆ ಒಂದೆರಡು ಸೆಕೆಂಡ್ ಎಲಿವೇಟರ್ (ಮೂತಿ ಎತ್ತೋ ಬಾಲದ ಫಲಕ) ಎಳೀಬೇಡಿ, ವೇಗ ಹಿಡೀಲಿ. ಶಾಂತವಾದ ಬೆಳಗ್ಗೆ ಹೊತ್ತಿಗೆ ಬೇಕಾದ್ರೆ 10×5 ಇಲೆಕ್ಟ್ರಿಕ್ ಒಂದು ಇಟ್ಕೊಳ್ಳಿ, ವಾಟ್ ಮೀಟರ್‌ನಲ್ಲಿ ನೋಡ್ಕೊಂಡು ಹಾಕಿ. ನನ್ನ ಡಬ್ಬಿಯಲ್ಲಿ ಎರಡೂ ಇರುತ್ತೆ, ಸಿಲ್ವರ್ ಮರದ ತುದಿ ಅಲ್ಲಾಡೋದು ನೋಡಿ ಯಾವುದು ಅಂತ ತೀರ್ಮಾನ.

ನಡುಕಕ್ಕೆ ಎರಡು ಕಾರಣ ಇರಬಹುದು. ಪ್ರೊಪೆಲ್ಲರ್ ರಂಧ್ರಕ್ಕೂ ಮೋಟರ್ ಅಡಾಪ್ಟರ್‌ಗೂ ನಡುವೆ ಸಡಿಲ ಇದ್ಯಾ ನೋಡಿ. ಇದ್ರೆ ಜೊತೆಗೆ ಕೊಟ್ಟಿರೋ ಪ್ಲಾಸ್ಟಿಕ್ ರಿಂಗ್‌ಗಳಲ್ಲಿ ಸರಿಯಾದ್ದನ್ನು ಕೂರಿಸಿ. ಟೇಪ್ ಸುತ್ತಿ ಬಿಗಿ ಮಾಡೋ ಕೆಲಸ ಬೇಡ, ಕೇಂದ್ರ ತಪ್ಪುತ್ತೆ. ಅಕ್ಷರ ಬರೆದಿರೋ ಮುಖ ವಿಮಾನ ಹೋಗೋ ದಿಕ್ಕಿಗೇ ಇರಬೇಕು, ಇದು ನಿಮಗೆ ಗೊತ್ತಿರುತ್ತೆ, ಓದೋ ಹೊಸಬರಿಗೆ ಹೇಳಿದೆ.

ರಿಂಗ್ ಸರಿ ಇದ್ದೂ ನಡುಗಿದ್ರೆ ಬ್ಯಾಲೆನ್ಸ್ ಮಾಡಿ. ಮ್ಯಾಗ್ನೆಟ್ ಬ್ಯಾಲೆನ್ಸರ್ ಇಲ್ಲದಿದ್ರೆ ಎರಡು ಹೊಸ ಶೇವಿಂಗ್ ಬ್ಲೇಡ್‌ಗಳನ್ನು ಮರದ ತುಂಡಿನ ಸೀಳಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿ, ಎರಡೂ ಒಂದೇ ಮಟ್ಟದಲ್ಲಿರಲಿ. ಪ್ರೊಪೆಲ್ಲರ್ ರಂಧ್ರಕ್ಕೆ ನಡುವೆ ಸರಿಯಾಗಿ ಕೂರೋ ಉಕ್ಕಿನ ಕಡ್ಡಿ ತೂರಿಸಿ ಆ ಅಂಚಿನ ಮೇಲೆ ಇಡಿ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಭಾರ ಇರೋ ಬ್ಲೇಡ್ ಕೆಳಗೆ ತಿರುಗುತ್ತೆ. ಹಗುರ ಇರೋದರ ಹಿಂಬದಿಗೆ ಸೆಲ್ಲೋಟೇಪ್ ಚೂರು ಅಂಟಿಸ್ತಾ ಹೋಗಿ, ಅಥವಾ ಭಾರದ್ದರ ಹಿಂಬದಿಯನ್ನು 400 ನಂಬರ್ ಉಜ್ಜುಕಾಗದದಲ್ಲಿ ತೆಳುವಾಗಿ ಉಜ್ಜಿ. ಮುಂದಿನ ಅಂಚು ಮುಟ್ಟಬೇಡಿ, ಬುಡದ ಹತ್ರವೂ ಬೇಡ. ಪ್ರೊಪೆಲ್ಲರ್ ಅನ್ನು ಅಡ್ಡ ಇಟ್ಟಾಗ ಎರಡೂ ಕಡೆ ವಾಲದೆ ನಿಂತ್ರೆ ಮುಗೀತು. ನಡುಕ ಹೋದ ಮೇಲೆ ಆ ಮೋಟರ್‌ನ ಹಿಂದಿನ ನಾಲ್ಕೂ ಸ್ಕ್ರೂ ಒಮ್ಮೆ ಬಿಗಿ ನೋಡ್ಕೊಳ್ಳಿ, ಇಷ್ಟು ಹೊತ್ತಿಗೆ ಒಂದಾದ್ರೂ ಸಡಿಲ ಆಗಿರುತ್ತೆ.

ಬೇಲೂರು_ಬಾಲ್ಸಾ:

4 ಸೆಲ್ ಮಾತು ವಾಪಸ್. ಅದೇ ಮೋಟರ್ ನನ್ನದೂ. 4 ಸೆಲ್ ಬ್ಯಾಟರಿ ಆಗ್ಲೇ ತಗೊಂಡಿದೀನಿ, ಬಿಸಾಕೋಕಾಗಲ್ಲ. ಅದಕ್ಕೆ ಯಾವ ಪ್ರೊಪೆಲ್ಲರ್?

ಕಾಫಿನಾಡು_ವೈಂಡಿಂಗ್:

ಮೋಟರ್ ಜೊತೆಗೆ ಬಂದ ಚೀಟಿಯಲ್ಲಿ 4 ಸೆಲ್ ಅಂತ ಇದ್ಯಾ ಮೊದಲು ನೋಡಿ, ಇಎಸ್‌ಸಿ ಮೇಲೂ ನೋಡಿ. ಎರಡರಲ್ಲೂ ಇದ್ರೆ 8×4 ಇಲೆಕ್ಟ್ರಿಕ್‌ನಿಂದ ಶುರು ಮಾಡಿ, ಮೀಟರ್ 15 ಆಂಪ್‌ಗಿಂತ ಎಷ್ಟು ಕೆಳಗಿದೆ ನೋಡ್ಕೊಂಡು ಪಿಚ್ ಒಂದೊಂದೇ ಏರಿಸಿ. ವ್ಯಾಸ ಮುಟ್ಟಬೇಡಿ.